ಗೌಡ್ತಿಯ ನೆಲಮಾಳಿಗೆಯಲ್ಲಿ ಬೂಷ್ಟಿನ ಮದುವೆ

ಮೊನ್ನೆ ನನ್ನ ತಮ್ಮನ ಮೊಮ್ಮಗಳು ಫೋನು ಮಾಡಿದ್ದಳು. ಎಂ.ಎಸ್ಸಿ. ಮುಗಿಸಿ ಈಗಷ್ಟೇ ಕಾಲೇಜೊಂದಕ್ಕೆ ಲೆಕ್ಚರರ್ ಆಗಿ ಸೇರಿದ್ದಾಳೆ. "ಅಜ್ಜಿ, ನಮ್ಮ ಲ್ಯಾಬಿನ ಇನ್‌ಕ್ಯುಬೇಟರ್ ಕೆಟ್ಟದ. ಕೆಲಸ ಎಲ್ಲಾ ಬಂದ್" ಎಂದು ಅಳುವ ದನಿಯಲ್ಲಿ ಹೇಳಿದಳು.

"ಮೈ ಡಿಯರ್, ನಮ್ಮದು ಒಂದು ದಿನಾನೂ ಕೆಟ್ಟಿಲ್ಲ. ಯಾಕಂದ್ರ ಅದು ಇರಲೇ ಇಲ್ಲ" ಎಂದೆ.

ಅವಳು ನಗಲಿಲ್ಲ. ಈಗಿನ ಮಕ್ಕಳಿಗೆ ನಗಲಿಕ್ಕೂ ಟೈಮ್ ಇಲ್ಲವೇನೋ. ಹಾಗಾಗಿ ಅವಳಿಗೂ, ಅವಳಂತೆ ಬಿಳಿ ಕೋಟು ತೊಟ್ಟು ಲ್ಯಾಬಿಗೆ ಕಾಲಿಡುವವರಿಗೂ ಇದನ್ನು ಬರೆಯುತ್ತಿದ್ದೇನೆ. ಮೊದಲು ಆಳಂದದಲ್ಲಿ, ಆಮೇಲೆ ಜೇವರ್ಗಿಯಲ್ಲಿ ನಾನು ಬಾಟನಿ ಕಲಿಸಿದೆ. ಯಾವಾಗ ಸೀನಿಯರ್ ಆದೆ, ಯಾವಾಗ ಹೆಡ್ ಆದೆ ಎಂಬುದೆಲ್ಲ ಪೆನ್ಶನ್ ಆಫೀಸಿನವರಿಗೆ ಗೊತ್ತು. ನನಗೆ ನೆನಪಿರುವುದು ಒಂದು ಬೂಷ್ಟು.

ಬ್ರೆಡ್ಡಿನ ಮೇಲೆ ಕೇಸರಿ ಬಣ್ಣದಲ್ಲಿ ಹತ್ತಿಯ ಹಾಗೆ ಉಬ್ಬುವ ಬೂಷ್ಟು ಅದು. ನಮ್ಮ ಕಡೆಯ ಮಂದಿ ಎಲ್ಲ ಬೂಷ್ಟನ್ನೂ ಸಾರಾಸಗಟಾಗಿ ಬೂರಸ ಎಂದು ಕರೆದು ತಿಪ್ಪೆಗೆ ಎಸೆಯುತ್ತಾರೆ. ಇದಕ್ಕೆ ಮಾತ್ರ ನ್ಯೂರೊಸ್ಪೋರ ಎಂಬ ರಾಜಮನೆತನದ ಹೆಸರಿದೆ. ಸಕ್ಕರೆ, ನಾಲ್ಕಾರು ಲವಣ, ಚಿಟಿಕೆಗೂ ಕಡಿಮೆ ಬಯೋಟಿನ್ ಎಂಬ ವಿಟಮಿನ್, ಇಷ್ಟು ಕೊಟ್ಟರೆ ಸಾಕು. ಬದುಕಲು ಬೇಕಾದ ಮಿಕ್ಕಿದ್ದನ್ನೆಲ್ಲ ಅದು ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಇಷ್ಟು ಕಡಿಮೆ ಖರ್ಚಿನ ಸಂಸಾರಿಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಒಂದೇ ದೋಷ. ಅದಕ್ಕೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಆಳಂದದಲ್ಲಿ ನಾನಿನ್ನೂ ಹೊಸಬಳು. ಒಂದು ಮಧ್ಯಾಹ್ನ ಟ್ಯೂಬಿನ ಹತ್ತಿಯ ಬಿರಡೆಯನ್ನು ತಿರುಗುವ ಫ್ಯಾನಿನ ಕೆಳಗೇ ನಿಂತು ತೆಗೆದೆ. ಸಣ್ಣದೊಂದು ಕೇಸರಿ ಮೋಡ ಎದ್ದು, ಕಿಟಕಿ ದಾಟಿ, ಸ್ಟಾಫ್ ರೂಮಿನ ಕಡೆ ನಡೆಯಿತು. ಎರಡು ದಿನ ಬಿಟ್ಟು ಕಾಲೇಜಿನ ಎದುರಿನ ಬೇಕರಿಯಲ್ಲಿ ಪಾವ್‌ಗಳೆಲ್ಲ ಗಡ್ಡ ಬಿಟ್ಟಿದ್ದವು. ಬೇಕರಿಯವನು ಒಂದನ್ನು ಕೈಯಲ್ಲಿ ಹಿಡಿದು ಬಂದ. "ಮೇಡಂ, ಕಲರ್ ಚಲೋ ಬಂದದ. ಕೇಸರಿ ಹಾಕೀವಿ ಅಂತ ಹೇಳಿ ಮಾರಲೇನ್ರಿ?" ಮಾರಬೇಡಿ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಆರಿತು.

ನಮ್ಮ ಹೆಡ್ ಕುಲಕರ್ಣಿ ಸರ್ ಮಹಾರಾಷ್ಟ್ರದ ಗಡಿಯವರು. ಸಿಟ್ಟು ಬಂದರೆ ಮರಾಠಿ, ಬಹಳ ಸಿಟ್ಟು ಬಂದರೆ ಮೌನ. ಅಂದು ಅವರು ಕೇಸರಿ ಪುಡಿ ಹತ್ತಿದ ತಮ್ಮ ಬಿಳಿ ಅಂಗಿಯ ತೋಳನ್ನು ನೋಡಿಕೊಂಡು, "ಕಾಯ್ ಹೋ ಬಾಯಿ, ನೀವು ಕಾನ್ವೆಂಟಿನಾಗ ಕಲತವರು. ಆ ಸಿಸ್ಟರ್ಸ್ ನಿಮಗ ಕಿಟಕಿ ಹಾಕೂದು ಕಲಸಿಲ್ಲೇನು?" ಎಂದರು. ಆಮೇಲೆ ವಾರವಿಡೀ ಮೌನ. ಫ್ಯಾನ್ ಬಂದ್ ಮಾಡಿ ಬಿರಡೆ ತೆಗೆಯಿರಿ ಎಂದು ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಬರೆದಿರುವುದಿಲ್ಲ. ನಾನು ಬರೆಯುತ್ತಿದ್ದೇನೆ.

ಜೇವರ್ಗಿಗೆ ಬಂದ ಮೇಲೆ ಫ್ಯಾನಿನ ತಾಪತ್ರಯ ತಪ್ಪಿತು. ಕರೆಂಟೇ ಇರುತ್ತಿರಲಿಲ್ಲ. ನಮ್ಮ ಲ್ಯಾಬು ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಸ್ಟೆರಿಲೈಸ್ ಮಾಡಲು ಪ್ರೆಶರ್ ಕುಕ್ಕರ್, ಅದನ್ನು ಕಾಯಲು ಅಟೆಂಡರ್ ಖಾಜಾಭಾಯಿ. ಅವರು ಸೀಟಿ ಎಣಿಸುತ್ತ ಕೂತಿರುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮೊದಲಿನಿಂದ ಶುರು. ಹೀಗಾಗಿ ಬೂಷ್ಟಿನ ಊಟವಾದ ನಮ್ಮ ಮೀಡಿಯಂ ಕೆಲವೊಮ್ಮೆ ಕೆಂಪಗೆ ಸೀದು ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ಒಂದು ಕ್ಷಣ ನಿಂತುಬಿಡುತ್ತೇನೆ.

ಕ್ಲಾಸಿನಲ್ಲಿ ನಾನು ಹೇಳಬೇಕಾದ ದೊಡ್ಡ ಪಾಠ ಒಂದೇ. ಜೀವಕೋಶದೊಳಗೆ ಒಂದು ವಸ್ತು ಹಂತ ಹಂತವಾಗಿ ಇನ್ನೊಂದಾಗುತ್ತದೆ. ಒಂದೊಂದು ಹಂತಕ್ಕೂ ಒಂದು ಎಂಝೈಮ್, ಆ ಎಂಝೈಮಿಗೆ ಒಂದು ಜೀನ್. ಒಂದು ಜೀನ್ ಕೆಟ್ಟರೆ ಕೆಲಸ ಅಲ್ಲೇ ನಿಲ್ಲುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಹೇಳಿದೆ, ಬೋರ್ಡಿನ ತುಂಬ ಬಾಣದ ಗುರುತು ಹಾಕಿದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಕೊನೆಗೆ ಮದುವೆ ಮನೆಯ ರೊಟ್ಟಿಯ ಸಾಲನ್ನು ಬೋರ್ಡಿಗೆ ತಂದೆ. ಒಬ್ಬಳು ಹಿಟ್ಟು ನಾದುತ್ತಾಳೆ, ಒಬ್ಬಳು ತಟ್ಟುತ್ತಾಳೆ, ಒಬ್ಬಳು ಬೇಯಿಸುತ್ತಾಳೆ. ತಟ್ಟುವವಳು ಎದ್ದು ಹರಟೆಗೆ ಹೋದರೆ ಏನಾಗುತ್ತದೆ?

ಹಿಂದಿನ ಬೆಂಚಿನಿಂದ ನೀಲಮ್ಮ ಹೇಳಿದಳು, "ಹಿಟ್ಟಿನ ಉಂಡಿ ರಾಶಿ ಬೀಳ್ತಾವ್ರಿ. ಬಾಜೂ ಮನಿಯಿಂದ ತಟ್ಟಿದ ರೊಟ್ಟಿ ತಂದುಕೊಟ್ರ ಬೇಯಸಾಕಿ ಬೇಯಸ್ತಾಳ. ಆದ್ರ ಹರಟಿಗೆ ಹೋದಾಕಿನ್ನ ಯಾರೂ ಏನೂ ಅನ್ನಂಗಿಲ್ರಿ ಮೇಡಂ, ಆಕಿ ಮದುಮಗನ ಅತ್ತಿ ಇರ್ತಾಳ."

ಇಡೀ ಜೆನೆಟಿಕ್ಸ್ ಅಲ್ಲಿಗೆ ಮುಗಿಯಿತು. ಅತ್ತೆಯನ್ನು ಮಾತ್ರ ಸಿಲಬಸ್ಸಿನಲ್ಲಿ ಸೇರಿಸಲಾಗಲಿಲ್ಲ.

ಈ ನೀಲಮ್ಮ ಹತ್ತಿರದ ಇಜೇರಿ ಹಳ್ಳಿಯ ಸೊಸೆ. ಮದುವೆಯಾದ ಮೇಲೆ ಓದಲು ಬಂದವಳು. ಬಾಯಿ ಚುರುಕು, ಕೈ ಮಾತ್ರ ದೇವರೇ ಗತಿ. ಅವಳು ಮುಟ್ಟಿದ ಕವರ್ ಸ್ಲಿಪ್, ಅಂದರೆ ಸ್ಲೈಡಿಗೆ ಮುಚ್ಚುವ ತೆಳು ಗಾಜು, ಒಂದೂ ಉಳಿದದ್ದಿಲ್ಲ. ಖಾಜಾಭಾಯಿ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸ್ಲೈಡಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಇದ್ದದ್ದು ಒಂದು ಒಳ್ಳೆಯ ಮೈಕ್ರೊಸ್ಕೋಪ್. ಗಂಡುಹುಡುಗರು ಅದರ ಸುತ್ತ ಬೇಲಿಯಂತೆ ನಿಲ್ಲುತ್ತಿದ್ದರು, ಹುಡುಗಿಯರ ಪಾಳಿ ಬರುತ್ತಲೇ ಇರಲಿಲ್ಲ. ಪಿರಿಯಡ್ ಮುಗಿಯುವಾಗ ಹುಡುಗಿಯರು ಮೈಕ್ರೊಸ್ಕೋಪಿನ ಬದಲು ಹುಡುಗರ ಬೆನ್ನಿನ ಚಿತ್ರ ಬರೆಯುವಷ್ಟು ಪರಿಣತರಾಗಿದ್ದರು.

ಆ ವರ್ಷ ಯೂನಿವರ್ಸಿಟಿಯಿಂದ ಹೊಸ ನಿಯಮ ಬಂತು. ಫೈನಲ್ ಇಯರ್ ನಡೆಸಬೇಕಾದರೆ ಜೀವಂತ ಕ್ರಾಸ್ ಒಂದನ್ನು ಕಮಿಟಿಯ ಮುಂದೆ ಮಾಡಿ ತೋರಿಸಬೇಕು. ಅಂದರೆ ಎರಡು ತಳಿಗಳನ್ನು ಕೂಡಿಸಿ, ಹುಟ್ಟಿದ ಮಕ್ಕಳನ್ನು ಮೈಕ್ರೊಸ್ಕೋಪಿನಲ್ಲಿ ತೋರಿಸಬೇಕು. ಇಲ್ಲವಾದರೆ ವಿದ್ಯಾರ್ಥಿಗಳೆಲ್ಲ ಗುಲಬರ್ಗಾಕ್ಕೆ ಹೋಗಿ ಓದು ಮುಗಿಸಬೇಕು. ಹುಡುಗರಿಗೆ ಖುಷಿಯಾಯಿತು, ಗುಲಬರ್ಗಾದಲ್ಲಿ ಟಾಕೀಸು ಹೆಚ್ಚು. ನೀಲಮ್ಮನ ಮಾವ ಬಸವಂತಪ್ಪ ಕಾಲೇಜಿಗೇ ಬಂದರು. ಒಳ್ಳೆಯ ಮನುಷ್ಯ, ಕೈಮುಗಿದೇ ಮಾತಾಡಿದರು. "ಸೊಸಿ ಓದಲಿ ಬಾಯಾರ, ನಾ ಬ್ಯಾಡ ಅನ್ನಾಂವಲ್ಲ. ಆದ್ರ ಜೇವರ್ಗಿ ತನಕ. ಹಾಸ್ಟೆಲ್‌ದಾಗ ಬಿಡಾಕ ನಮ್ಮ ಮನ್ಯಾಗ ಯಾರೂ ಒಪ್ಪಂಗಿಲ್ರಿ." ಉಳಿದ ಹುಡುಗಿಯರ ಮನೆಯ ಮಾತೂ ಅದೇ ಆಗಿತ್ತು. ಕ್ರಾಸ್ ಆಗದಿದ್ದರೆ ಹುಡುಗಿಯರ ಡಿಗ್ರಿ ಅಲ್ಲಿಗೆ ಮುಗಿಯುತ್ತಿತ್ತು.

ನನಗೆ ಧೈರ್ಯವಿತ್ತು. ವಧುವರರು ತಯಾರಿದ್ದರು. ಅಫಜಲಪುರದ ಕಡೆ ಭೀಮಾ ದಂಡೆಯಲ್ಲಿ ಕಬ್ಬು ಕಡಿದ ಮೇಲೆ ಒಣ ಎಲೆಯ ರವದಿಗೆ ಬೆಂಕಿ ಹಚ್ಚುತ್ತಾರಲ್ಲ, ಸುಟ್ಟ ಕೂಳೆಯ ಮೇಲೆ ಮೂರ್ನಾಲ್ಕು ದಿನಕ್ಕೆ ಈ ಕೇಸರಿ ಬೂಷ್ಟು ತಾನಾಗಿ ಏಳುತ್ತದೆ. ಅದರ ಬೀಜಕ್ಕೆ ಬೆಂಕಿಯ ಬಿಸಿ ತಾಕಿದರೇ ಎಚ್ಚರ. ಅಲ್ಲಿಂದ ಆರಿಸಿ ತಂದದ್ದು ಒಂದು. ಇನ್ನೊಂದು ದೂರದ ಲ್ಯಾಬಿನಿಂದ ಪೋಸ್ಟಿನಲ್ಲಿ ಬಂದ, ಒಂದು ಜೀನ್ ಕೆಟ್ಟ ಮ್ಯೂಟೆಂಟ್. ಅದಕ್ಕೆ ಲೈಸಿನ್ ಎಂಬ ಅಮೈನೊ ಆಮ್ಲ ಮಾಡಿಕೊಳ್ಳಲು ಬಾರದು. ಅದರ ಬೀಜಗಳೂ ಕಪ್ಪು ಬಣ್ಣ ಏರದೆ ಬಿಳಿಚಿಕೊಂಡಿರುತ್ತವೆ. ಲೈಸಿನ್ ಬಾಟಲಿ ಖಾಲಿಯಾದಾಗ ನಾನು ಅದಕ್ಕೆ ತೊಗರಿಬೇಳೆಯ ಕಟ್ಟು ಕುಡಿಸಿದೆ. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಜಾಸ್ತಿ. ನಮ್ಮ ಮಂದಿ ರೊಟ್ಟಿಗೆ ಬೇಳೆ ಹಚ್ಚಿಕೊಂಡು ಉಣ್ಣುವುದು ಸುಮ್ಮನೆ ಅಲ್ಲ. ಬೇಳೆ ಇಲ್ಲದೆ ಊಟಕ್ಕೇಳದ ಈ ಗಿರಾಕಿಗೆ ಹುಡುಗರು 'ಅಳಿಯ' ಎಂದು ಹೆಸರಿಟ್ಟರು.

ಚಳಿಗಾಲದಲ್ಲಿ ಟ್ರಯಲ್ ನೋಡಿದಾಗ ಅಳಿಯನಿಗೂ ಅಫಜಲಪುರಕ್ಕೂ ಚೆನ್ನಾಗಿ ಕೂಡಿತ್ತು. ಕಮಿಟಿಯ ದಿನ ಗೊತ್ತಾದದ್ದು ಬೇಸಿಗೆಗೆ. ಏಪ್ರಿಲಿನಲ್ಲಿ ಮತ್ತೆ ಹಚ್ಚಿದೆ. ಬೂಷ್ಟು ಹುಲುಸಾಗಿ ಬೆಳೆಯಿತು, ಉಂಡು ಉಬ್ಬಿತು, ಮದುವೆಯ ಸುದ್ದಿಯೇ ಇಲ್ಲ. ಪುಸ್ತಕ ತೆಗೆದು ನೋಡಿದರೆ, ಈ ಪ್ರಾಣಿ ಎಂಥ ಬಿಸಿಲಲ್ಲೂ ಬೆಳೆಯುತ್ತದೆ, ಆದರೆ ಕೂಡುವುದು ಮಾತ್ರ ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿ. ನಮ್ಮ ತಗಡಿನ ಕೆಳಗೆ ನಲವತ್ತೆರಡು. ಇಡೀ ತಾಲೂಕಿನ ಮದುವೆಗಳೆಲ್ಲ ಅದೇ ಬಿಸಿಲಲ್ಲಿ ಬ್ಯಾಂಡು ಬಾರಿಸಿಕೊಂಡು ನಡೆಯುತ್ತಿದ್ದವು.

ಪ್ರಿನ್ಸಿಪಾಲರು ಹಿಸ್ಟರಿಯವರು. "ಬೆದರಿಸಿ ನೋಡೀರೇನು ಮೇಡಂ?" ಎಂದು ಕೇಳಿದರು. ಅವರು ಸೀರಿಯಸ್ ಆಗಿಯೇ ಕೇಳಿದ್ದು.

ಖಾಜಾಭಾಯಿ ಧೈರ್ಯ ಹೇಳಿದರು. "ಫಿಕರ್ ಮಾಡಬ್ಯಾಡ್ರಿ ಮೇಡಂ. ಬಸ್ ಸ್ಟ್ಯಾಂಡಿನಾಗ ಐಸ್ ಕ್ಯಾಂಡಿ ಡಬ್ಬಿ ಅದ. ಅದರಾಗ ಇಟ್ರ ದುಲ್ಹಾ ದುಲ್ಹನ್ ಇಬ್ಬರೂ ಠಂಡಾ ಠಂಡಾ." ಇಟ್ಟೆವು. ಹತ್ತಿಯ ಬಿರಡೆಗಳು ಕರಗಿದ ಐಸಿನ ನೀರನ್ನೆಲ್ಲ ಹೀರಿ, ಟ್ಯೂಬಿನಲ್ಲಿದ್ದದ್ದು ಗಂಜಿಯಾಯಿತು. ಕ್ಯಾಂಡಿಯವನು ಮಾತ್ರ, "ನಿಮ್ಮ ಶೀಶೆಗಳು ನನ್ನ ಮ್ಯಾಂಗೋ ಕ್ಯಾಂಡಿಗಿಂತ ಚಂದ ಕಾಣಾಕತ್ತಾವ, ಮಕ್ಕಳು ಅದನ್ನೇ ಕೇಳಾಕತ್ತಾರ" ಎಂದು ಅಸೂಯೆಪಟ್ಟ.

ಆಗ ನೀಲಮ್ಮ, "ಮೇಡಂ, ಗೌಡ್ತಿ ನಾಗಮ್ಮವ್ವಾರ ವಾಡೇದಾಗ ನೆಲಮಾಳಿಗಿ ಅದ. ನೀರಿನ ಹರವಿ ಅಲ್ಲೇ ಇಡ್ತಾರ. ಒಳಗ ಹೋದ್ರ ಮೈ ಝುಂ ಅಂತದ. ಕೇಳೋಣೇನ್ರಿ? ನನ್ನ ಮದುವಿ ಕೂಡಿಸಿದವರೂ ಅವರೇ" ಎಂದಳು.

ಗೌಡ್ತಿ ನಾಗಮ್ಮ ಗಂಡ ತೀರಿದ ಮೇಲೆ ವಾಡೆ ಎಂಬ ಆ ದೊಡ್ಡ ಮನೆಯನ್ನೂ, ತಾಲೂಕಿನ ಅರ್ಧ ಮದುವೆಗಳನ್ನೂ ಒಬ್ಬರೇ ನಡೆಸುತ್ತಿದ್ದವರು. ನಾವು ಟ್ಯೂಬು ಹಿಡಿದು ಹೋದಾಗ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಏನ್ ತಂದೀರಿ ಬಾಯಾರ?"

ನನಗಿಂತ ಮೊದಲೇ ನೀಲಮ್ಮ ಬಾಯಿ ಹಾಕಿದಳು. "ಮದುವಿ ಮಾಡಾಕ ತಂದೇವ್ರಿ ಅವ್ವಾರ. ಬಿಸಿಲಾಗ ಒಲ್ಲೆ ಅನ್ನಾಕತ್ತಾವು."

ಗೌಡ್ತಿ ಚಾಳೀಸು ಕನ್ನಡಕ ಏರಿಸಿ ಟ್ಯೂಬನ್ನು ಬೆಳಕಿಗೆ ಹಿಡಿದರು. "ಬೂರಸ ಅಲ್ಲೇನಬೇ ಇದು?"

"ಹೌದ್ರಿ."

"ಬೂರಸಕ್ಕ ಇಷ್ಟು ನಖರಾ. ನಾವು ವೈಶಾಖದಾಗ ಜರತಾರಿ ಸೀರಿ ಉಟ್ಟು, ಸಾವಿರ ಮಂದಿ ನಡುವ ಕುಂತು ಮದುವಿ ಆದೇವಿ. ಸೆಕಿ ಆಗ್ತದೇನವ್ವಾ ಅಂತ ಒಬ್ಬರರ ಕೇಳಿದರೇನು?" ಟ್ಯೂಬು ತಿರುಗಿಸಿ ನೋಡಿದರು. "ಇರಲಿ. ಬೆಡಗು ಯಾವುದು?"

ಬೆಡಗು ಎಂದರೆ ಇಲ್ಲಿಯ ಮನೆತನಗಳ ಗೋತ್ರ. ಒಂದೇ ಬೆಡಗಿನವರು ಅಣ್ಣತಂಗಿಯರು, ಕೊಟ್ಟು ತರುವಂತಿಲ್ಲ. ನನಗೆ ರೋಮಾಂಚನವಾಯಿತು. ವರ್ಷಗಟ್ಟಲೆ ಕಲಿಸಿ ಸೋತಿದ್ದ ಪಾಠವನ್ನು ಇವರು ತಾವಾಗಿಯೇ ಕೇಳುತ್ತಿದ್ದಾರೆ. ಈ ಬೂಷ್ಟಿನಲ್ಲೂ ಎರಡು ಬಣಗಳಿವೆ, ನೋಡಲು ಒಂದೇ ತರಹ, ಆದರೆ ಒಂದೇ ಬಣದವು ಎಂದೂ ಕೂಡುವುದಿಲ್ಲ ಎಂದೆ. "ಒಂದರ ಹೆಸರು ದೊಡ್ಡ ಎ, ಇನ್ನೊಂದು ಸಣ್ಣ ಎ."

ಗೌಡ್ತಿ ಅಡಿಕೆಯ ಕತ್ತರಿ ಕೆಳಗಿಟ್ಟರು. "ದೊಡ್ಡ ಮನಿ, ಸಣ್ಣ ಮನಿ ಅಂದ್ರೂ ಬೆಡಗು ಒಂದೇ ಆತಲ್ರಿ. ಆಗಂಗಿಲ್ಲ."

"ಹಂಗಲ್ರಿ ಅವ್ವಾರ, ಹೆಸರಿಟ್ಟವರು ಪರದೇಶದವರು. ಅವರಿಗೆ ಬೆಡಗು ತಿಳಿಯಂಗಿಲ್ಲ. ಚಳಿಗಾಲದಾಗ ನಾ ಕೂಡಿಸಿ ನೋಡೀನಿ."

"ಒಮ್ಮೆ ಕೂಡಿಸೀರಿ, ಮತ್ತ ಮದುವಿ ಅಂತೀರಿ. ಹೋಗಲಿ. ಇದರಾಗ ಗಂಡು ಯಾವುದು, ಹೆಣ್ಣು ಯಾವುದು?"

ನಾನು ನಿಜ ಹೇಳಿದೆ. ಗಂಡು ಹೆಣ್ಣು ಎಂಬ ಭೇದ ಇಲ್ಲ, ಯಾವುದು ಬೇಕಾದರೂ ತಂದೆಯಾಗಬಹುದು, ಯಾವುದು ಬೇಕಾದರೂ ತಾಯಿಯಾಗಬಹುದು.

ಗೌಡ್ತಿ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು ಒಂದು ಅಡಿಕೆ ಹೋಳು ಮಾಡಿದರು. "ಹಂಗಾರ ರೊಟ್ಟಿ ಯಾರು ಮಾಡ್ತಾರ?"

ಈ ಪ್ರಶ್ನೆಯೂ ಸಿಲಬಸ್ಸಿನಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಬಿಳಿ ಬೀಜದ್ದು ಅಳಿಯ, ಕರಿ ಬೀಜದ್ದು ಅಫಜಲಪುರದ್ದು ಎಂದು ನೀಲಮ್ಮನಿಂದ ಕೇಳಿಕೊಂಡು ಅಂತೂ ಒಪ್ಪಿದರು. ನೆಲಮಾಳಿಗೆಗೆ ಇಳಿದರೆ, ಒದ್ದೆ ಉಸುಕಿನ ಮೇಲೆ ಮಣ್ಣಿನ ಸಾಲು ಹರವಿಗಳು, ಫರ್ಸಿ ಕಲ್ಲಿನ ಗೋಡೆಗಳು, ಥರ್ಮಾಮೀಟರಿನಲ್ಲಿ ಇಪ್ಪತ್ತಾರು. ನಾನು ಹರವಿಯೊಂದನ್ನು ತಬ್ಬಿಕೊಳ್ಳುವುದೊಂದು ಬಾಕಿ. ಎರಡೂ ತಳಿಗಳನ್ನು ಹೊಸ ಟ್ಯೂಬುಗಳಲ್ಲಿ ಕೂಡಿಸಿ ಹಚ್ಚಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಗೌಡ್ತಿ ಅಕ್ಷತೆಯ ತಟ್ಟೆ ಹಿಡಿದು ಬಂದರು. ಅಕ್ಕಿಕಾಳು ಸ್ಟೆರೈಲ್ ಅಲ್ಲ, ಬೇರೆ ಬೂಷ್ಟು ಬಂದುಬಿಡುತ್ತದೆ, ಪ್ಲೀಸ್ ಬೇಡಿ ಎಂದೆ.

"ಕುಕ್ಕರಿನಾಗ ಇಟ್ಟು ತಂದ್ರ?" ಎಂದು ಖಾಜಾಭಾಯಿ ಸೂಚಿಸಿದರು.

"ಅನ್ನ ಆಗ್ತದಲ್ರಿ ಖಾಜಾಭಾಯಿ," ಎಂದಳು ನೀಲಮ್ಮ.

ಕೊನೆಗೆ ಅಕ್ಷತೆ ಹುಡುಗಿಯರ ತಲೆಯ ಮೇಲೆ ಬಿತ್ತು. ಅಮಾವಾಸ್ಯೆಯಿಂದ ಹುಣ್ಣಿಮೆಯ ತನಕ ಯಾರೂ ಕದಲಿಸಬಾರದು ಎಂದು ನಾನು ಗೌಡ್ತಿಗೆ ಕಟ್ಟುನಿಟ್ಟಾಗಿ ಹೇಳಿದೆ. ನನ್ನ ಸರ್ವಿಸಿನಲ್ಲಿ ಇನ್‌ಸ್ಟ್ರಕ್ಷನ್ನನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಮತ್ತೆ ಕಾಣಲಿಲ್ಲ. ಗೌಡ್ತಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹರವಿಯ ನೀರು ಬೇಕೆಂದವರಿಗೂ ಬಾವಿ ತೋರಿಸಿದರಂತೆ.

ಕಮಿಟಿ ಬಂತು. ನಾಲ್ವರು ಗಂಡಸರು, ಎಲ್ಲರೂ ಟೈ ಕಟ್ಟಿದವರು. ಜೇವರ್ಗಿಯ ಬಿಸಿಲಿಗೆ ಟೈ ಒಂದೊಂದಾಗಿ ಜೇಬು ಸೇರಿದವು. ಚೇರ್ಮನ್ನರು ಹಿರಿಯ ಪ್ರೊಫೆಸರ್, ಮೆದು ಮಾತಿನವರು. "ಮೇಡಂ, ವೀ ಮಸ್ಟ್ ಸೀ ದಿ ಕ್ರಾಸ್," ಎಂದರು. ಪ್ರಿನ್ಸಿಪಾಲರು ಹಾರ, ತುರಾಯಿ, ಬ್ಯಾಟರಿ ಎಲ್ಲ ಸಜ್ಜು ಮಾಡಿಕೊಂಡು ಮೆರವಣಿಗೆಯಂತೆ ಎಲ್ಲರನ್ನೂ ವಾಡೆಗೆ ನಡೆಸಿದರು. ಹಿಂದೆ ಖಾಜಾಭಾಯಿ ಮೈಕ್ರೊಸ್ಕೋಪನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಂದರು.

ಗೌಡ್ತಿ ನೆಲಮಾಳಿಗೆಯ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತಿದ್ದರು.

"ಕೀಲಿ ಕೊಡ್ರಿ ಗೌಡ್ತಿಯವರ, ಸಾಹೇಬರು ನೋಡಬೇಕಂತ," ಎಂದರು ಪ್ರಿನ್ಸಿಪಾಲರು.

"ಏನ್ ನೋಡ್ತಾರ?"

"ಅದೇ, ಒಳಗ ಆಗಿದ್ದು."

"ಹೊಸ ಮದುಮಕ್ಕಳ ಕೋಣಿಗೆ ನಾಕು ಮಂದಿ ಗಂಡಸರು ಬ್ಯಾಟರಿ ಹಿಡಕೊಂಡು ಹೋಗೂದೇನ್ರಿ? ಯಾವ ಊರ ರೀತಿ ಇದು?"

ಪ್ರಿನ್ಸಿಪಾಲರು ಹಿಸ್ಟರಿಗೆ ಮೊರೆ ಹೋದರು. "ಬಸವಣ್ಣನ ಒಕ್ಕಲಾಗಿ ಇಂಥಾ ಶಾಸ್ತ್ರ ಹಿಡೀತೀರೇನ್ರಿ?"

"ಶಾಸ್ತ್ರ ಅಲ್ರಿ ಪಾ, ಮಾನ. ನಿಮ್ಮ ಮದುವ್ಯಾಗ ಯಾರರ ಹಿಂಗ ಬಂದಿದ್ರೇನು?"

ಪ್ರಿನ್ಸಿಪಾಲರು ಕೆಂಪಾದರು. ನಾನು ಮುಂದೆ ಬಂದು, ಹೋಗಲಿ, ನಾನೊಬ್ಬಳೇ ಇಳಿದು ತರುತ್ತೇನೆ ಎಂದೆ.

ಗೌಡ್ತಿ ನನ್ನನ್ನು ಮರುಕದಿಂದ ನೋಡಿದರು. "ನೀವಂತೂ ಬ್ಯಾಡ್ರಿ ಬಾಯಾರ. ಮದುವಿ ಆಗದ ನಿಮಗ ಮದುವಿ ಅಂದ್ರೇನು ಗೊತ್ತದ? ಮದುಮಕ್ಕಳ ಬಾಗಿಲಾ ಮದುವಿಯಾದಾಕಿ ತೆಗೀಬೇಕು. ನಾನೇ ಗಂಡನ್ನ ಕಳಕೊಂಡಾಕಿ, ನಾನೂ ಹೋಗಂಗಿಲ್ಲ." ಅವರು ಸೀರಿಯಸ್ ಆಗಿದ್ದರೋ, ನಮ್ಮನ್ನೆಲ್ಲ ಆಡಿಸುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ಅಡಿಕೆ ಜಗಿಯುವ ಬಾಯಲ್ಲಿ ನಗೆ ಹುಡುಕುವುದು ಕಷ್ಟ. ನನ್ನ ಎದೆಯಲ್ಲಿ ಮಾತ್ರ ಏನೋ ಸಣ್ಣಗೆ ಚುಚ್ಚಿತು. ನಿಂತು ವಿಚಾರಿಸಲು ಟೈಮ್ ಇರಲಿಲ್ಲ.

ಚೇರ್ಮನ್ನರು ವಾಚು ನೋಡಿಕೊಂಡರು. ಅಂಗಳದಲ್ಲಿ ನಿಂತ ಹುಡುಗಿಯರ ಮುಖ ನೋಡಲಾಗಲಿಲ್ಲ. ಅವರಲ್ಲಿ ಮದುವೆಯಾದವಳು ಒಬ್ಬಳೇ.

"ನೀಲವ್ವಾ, ನೀ ಬಾ," ಎಂದು ಗೌಡ್ತಿ ಕೀಲಿ ಚಾಚಿದರು.

ಖಾಜಾಭಾಯಿ "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿದರು. ನಾನು ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡೆ. ಕೆಳಗಿನಿಂದ ಏನೋ ಠಣ್ ಎಂದಿತು.

"ಹರವಿ ಮುಚ್ಚಳ್ರಿ," ಎಂದು ನೆಲದೊಳಗಿನಿಂದ ದನಿ ಬಂತು.

ನೀಲಮ್ಮ ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಬಂದಳು. ಒಳಗಿನ ಕಾಗದದ ಪಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅವೇ ಬೀಜ ತುಂಬಿದ ಬಸಿರು. ನಾನು ಕೈ ಚಾಚಿದೆ. ಗೌಡ್ತಿ, "ಆಕಿನೇ ಮಾಡಲಿ. ಮುಟ್ಟಿದಾಕಿ ಮುಗಸಬೇಕು," ಎಂದರು. ಚೇರ್ಮನ್ನರೂ ತಲೆಯಾಡಿಸಿದರು. "ಯೆಸ್, ಲೆಟ್ ದಿ ಸ್ಟೂಡೆಂಟ್ ಡೂ ಇಟ್."

ಕಟ್ಟೆಯ ಮೇಲೆ ಮೈಕ್ರೊಸ್ಕೋಪ್ ಇಟ್ಟು, ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆವು. ನೀಲಮ್ಮ ಸೂಜಿಯಿಂದ ಒಂದು ಚುಕ್ಕೆ ಎತ್ತಿ, ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ ಒತ್ತಿದಳು. ಚಟ್ ಎಂದಿತು. ಸ್ಲಿಪ್ ಎರಡು ಹೋಳು. ಖಾಜಾಭಾಯಿ ತಮ್ಮ ಜೇಬಿನಿಂದ ಇನ್ನೊಂದು ಸ್ಲಿಪ್ ತೆಗೆದು ಕೊಟ್ಟರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಈ ಸಲ ಒತ್ತಲೇ ಇಲ್ಲ, ರೊಟ್ಟಿಗೆ ನೀರು ಸವರುವ ಹಾಗೆ ಬೆರಳ ತುದಿಯಿಂದ ಸವರಿದಳು. ಆಮೇಲೆ ಕಣ್ಣಿಟ್ಟು ಫೋಕಸ್ ತಿರುಗಿಸಿದಳು.

"ಏನ್ ಕಾಣ್ತದಬೇ?" ಎಂದರು ಗೌಡ್ತಿ.

"ತೊಗರಿ ಕಾಯಿ ಗೊಂಚಲ ಇದ್ದಂಗ ಅವ ಅವ್ವಾರ. ಒಂದೊಂದು ಕಾಯಾಗ ಎಂಟೆಂಟು ಕಾಳು. ನಾಕು ಕರೇವು, ನಾಕು ಬಿಳೇವು."

"ನಾಕು ಅಳಿಯನಂಗ, ನಾಕು ಅಫಜಲಪುರದಾಕಿ ಹಂಗ. ಪಾಲಿಗೆ ಜಗಳಿಲ್ಲದ ಮನಿ ನೋಡ್ರಿ," ಎಂದು ಗೌಡ್ತಿ ಚೇರ್ಮನ್ನರಿಗೆ ತಿಳಿಹೇಳಿದರು.

ಚೇರ್ಮನ್ನರು ಬಗ್ಗಿ ನೋಡಿದರು. ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ನೀಲಮ್ಮನಿಗೆ ಪ್ರಶ್ನೆ ಹಾಕಿದರು, ನಾಲ್ಕಕ್ಕೆ ನಾಲ್ಕೇ ಏಕೆ, ಐದು ಮೂರು ಏಕಲ್ಲ ಎಂದು. ಅವಳು ಕಣ್ಣನ್ನು ಮತ್ತೆ ಮೈಕ್ರೊಸ್ಕೋಪಿಗಿಟ್ಟುಕೊಂಡೇ, ಒಂದು ಜೀನ್ ಜೋಡಿ ಬೇರೆಯಾಗಿ ಎರಡೂ ಪಾಲು ಸಮನಾಗಿ ಹಂಚಿಹೋಗುವುದನ್ನು ಹೇಳಿದಳು. ಉಳಿದ ಸದಸ್ಯರೂ ಒಬ್ಬೊಬ್ಬರಾಗಿ ನೋಡಿದರು. ಚೇರ್ಮನ್ನರು ಪ್ರಿನ್ಸಿಪಾಲರ ಕೈ ಕುಲುಕಿ, "ಫೈನಲ್ ಇಯರ್ ಇಲ್ಲೇ ನಡೀಲಿ. ಇಂಥಾ ಕೋಲ್ಡ್ ರೂಮ್ ನಮ್ಮ ಡಿಪಾರ್ಟ್‌ಮೆಂಟಿನಾಗೂ ಇಲ್ಲ," ಎಂದರು. ಅಂಗಳದಲ್ಲಿ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಪ್ರಿನ್ಸಿಪಾಲರು ಹಾರವನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಮೈಕ್ರೊಸ್ಕೋಪಿಗೇ ಹಾಕಹೊರಟರು, ಖಾಜಾಭಾಯಿ ತಡೆದರು.

ಹೊರಡುವ ಮುನ್ನ ಚೇರ್ಮನ್ನರಿಗೆ ಇನ್ನೊಮ್ಮೆ ನೋಡುವ ಆಸೆಯಾಯಿತು. ಅಷ್ಟರಲ್ಲಿ ನೀಲಮ್ಮ ಮತ್ತೆ ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಕೂತುಬಿಟ್ಟಿದ್ದಳು. ಅವರು ಕನ್ನಡಕ ತೆಗೆದು ನೀಲಮ್ಮನ ಹಿಂದೆ ಬಂದು ನಿಂತು, ಸಣ್ಣಗೆ ಕೆಮ್ಮಿದರು. ಪ್ರಿನ್ಸಿಪಾಲರು, "ನೀಲಮ್ಮ, ಏಳವ್ವಾ, ಸಾಹೇಬರು ನೋಡ್ತಾರಂತ," ಎಂದರು.

ನೀಲಮ್ಮ ತಲೆ ಎತ್ತಲಿಲ್ಲ.

"ಜರಾ ನಿಂದ್ರಲಿ ಬಿಡ್ರಿ ಸರ್," ಎಂದಳು. "ನನ್ನ ಪಾಳಿ ಈಗ ಬಂದದ."

ಚೇರ್ಮನ್ನರು ಕನ್ನಡಕ ಜೇಬಿನಲ್ಲಿಟ್ಟುಕೊಂಡು, ಆ ಬಿಸಿಲಲ್ಲಿ ಸುಮ್ಮನೆ ಪಾಳಿ ಕಾಯುತ್ತ ನಿಂತರು.